ಸೊಲ್ಲಾಪುರದ ಕಾಟಾ ರಿಪೇರಿ ಕಾಕಾ ಮತ್ತು ನಮ್ಮ ಗೋಧಿ ಮಡಿಗಳು

ಸೊಲ್ಲಾಪುರದ ಕಡೆ ವಜನಕಾಟಾ, ಅಂದರೆ ತೂಕದ ಯಂತ್ರ, ಕೆಟ್ಟರೆ ಎಲ್ಲಿಗೆ ಒಯ್ಯಬೇಕು ಎಂದು ಯಾರೇ ಕೇಳಲಿ, ನಾನು ಹೇಳುವುದು ಇದೊಂದೇ ಜಾಗ. ಮಂಗಳವಾರ ಪೇಟೆಯಲ್ಲಿ, ಮಧಲಾ ಮಾರುತಿ ಗುಡಿಯಿಂದ ನಡೆದು ಹೋಗುವಷ್ಟು ದೂರ. ಕಾಳುಕಡಿ ವ್ಯಾಪಾರದ ಎರಡು ಅಂಗಡಿಗಳ ನಡುವಿನ ಸಂದಿಯಲ್ಲಿ ಮೆಟ್ಟಿಲು ಹತ್ತಿದರೆ ಒಂದು ಕೋಣೆ. ಬೋರ್ಡು ಇಲ್ಲ. ಬಾಗಿಲ ಮೇಲೆ ಹಳೆಯ ಹಿತ್ತಾಳೆ ತಕ್ಕಡಿಯ ಒಂದು ತಟ್ಟೆ ನೇತುಹಾಕಿದ್ದಾರೆ, ಅದೇ ಗುರುತು. ಅಂಗಡಿಯ ಹಿರಿಯರು ತಮ್ಮ ಹೆಸರು ಬರೆಯಬೇಡ ಎಂದಿದ್ದಾರೆ, ಹಾಗಾಗಿ ಕಾಕಾ ಎಂದೇ ಬರೆಯುತ್ತೇನೆ. ಕನ್ನಡ, ಮರಾಠಿ, ತೆಲುಗು ಮೂರೂ ಮಾತಾಡುತ್ತಾರೆ. ನಾನು ಮರಾಠಿಯಲ್ಲಿ ಶುರು ಮಾಡಿದೆ. ಎರಡನೇ ಮಾತಿಗೇ ಅವರು, "ಅಕ್ಕಲಕೋಟ ಕಡೇದಾಕಿ ಇದ್ದೀಯೇನವ್ವಾ? ಹಂಗಾದ್ರ ಕನ್ನಡದಾಗ ಹೇಳು" ಅಂದರು.

ನಾನು ಅಂಗಡಿ ನಡೆಸುವವಳಲ್ಲ. ನಮ್ಮೂರಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿ, ಮುಂದೆ ಮರಾಠಿಯಲ್ಲಿ ಕಲಿತು, ಕೃಷಿ ಪದವಿ ಮುಗಿಸಿದೆ. ಈಗ ಊರ ಹತ್ತಿರವೇ ನಡೆಯುತ್ತಿರುವ ಗೋಧಿ ಪ್ರಯೋಗವೊಂದರಲ್ಲಿ ಹೊಲದ ಸಹಾಯಕಿ. ಬಿತ್ತಿಗೆ ಮಾಡಿಸುವುದು, ನೀರು ಹಾಯಿಸುವಾಗ ನಿಂತು ನೋಡುವುದು, ಯಾವ ಮಡಿ ಯಾವ ದಿನ ತೆನೆ ಹಾಯಿತು ಎಂದು ಬರೆದಿಡುವುದು, ಕೊಯ್ಲು, ಒಕ್ಕಣೆ, ಕೊನೆಗೆ ತೂಕ. ಐದು ತಿಂಗಳ ಕೆಲಸವೆಲ್ಲ ಆ ಕೊನೆಯ ತೂಕದ ಒಂದು ಅಂಕಿಗೆ ಬಂದು ನಿಲ್ಲುತ್ತದೆ. ಕಾಟಾದ ವಿಷಯಕ್ಕೆ ನಾನು ಇಷ್ಟು ಉದ್ದ ಬರೆಯುವುದಕ್ಕೆ ಕಾರಣ ಅದೇ.

ಪ್ರಯೋಗ ಏನೆಂದು ಸ್ವಲ್ಪ ಹೇಳಬೇಕು. ಕಡಿಮೆ ಯೂರಿಯಾದಲ್ಲಿ ಚೆನ್ನಾಗಿ ಕಾಳು ಕಟ್ಟುವ ಗೋಧಿ ಯಾವುದು ಎಂದು ಹುಡುಕುವುದು. ಒಂದೊಂದು ತಳಿಯನ್ನೂ ಎರಡು ರೀತಿ ಬೆಳೆಸುತ್ತೇವೆ. ಒಂದು ಮಡಿಗೆ ನೀರಾವರಿ ಗೋಧಿಗೆ ನಮ್ಮ ಕಡೆ ಶಿಫಾರಸು ಮಾಡುವ ಪ್ರಮಾಣ, ಅಂದರೆ ಹೆಕ್ಟೇರಿಗೆ 120 ಕಿಲೋ ಸಾರಜನಕ. ಇನ್ನೊಂದಕ್ಕೆ ಬರೇ 40 ಕಿಲೋ. ಮಡಿ ಎಂದರೆ ಐದು ಮೀಟರ್ ಉದ್ದದ ಆರು ಸಾಲು, ಒಟ್ಟು 6 ಚದರ ಮೀಟರ್. ಯೂರಿಯಾದಲ್ಲಿ ಸಾರಜನಕ ಶೇಕಡಾ 46. ಲೆಕ್ಕ ಹಾಕಿದರೆ ಪೂರ್ತಿ ಗೊಬ್ಬರದ ಮಡಿಗೆ 156 ಗ್ರಾಂ, ಕಡಿಮೆಯದಕ್ಕೆ 52 ಗ್ರಾಂ ಯೂರಿಯಾ. ಅದನ್ನೂ ಅರ್ಧರ್ಧ ಮಾಡಿ, ಬಿತ್ತುವಾಗ ಒಮ್ಮೆ, ಮೂರು ವಾರಕ್ಕೆ ಮೊದಲ ನೀರು ಕೊಡುವಾಗ ಇನ್ನೊಮ್ಮೆ. ದೀಪಾವಳಿ ಆದ ಮೇಲೆ ನಮ್ಮ ಮನೆ ಪಡಸಾಲೆಯಲ್ಲಿ ಕೂತು ಅವ್ವ, ನಾನು, ಚಿಕ್ಕಪ್ಪನ ಮಕ್ಕಳು ಸೇರಿ ಪೇಪರಿನಲ್ಲಿ ಪೊಟ್ಟಣ ಕಟ್ಟಿದೆವು. ಔಷಧಿ ಅಂಗಡಿಯಲ್ಲಿ ಪುಡಿ ಕಟ್ಟಿಕೊಡುತ್ತಿದ್ದರಲ್ಲ, ಹಾಗೆ.

ಅಪ್ಪನಿಗೆ ಈ 52 ಗ್ರಾಮಿನ ಮಡಿಗಳನ್ನು ಕಂಡರೆ ಸಂಕಟ. "ಹೊಲ ಕಪ್ಪಗ ಕಾಣಬೇಕು" ಎನ್ನುವ ಕಾಲದವರು ಅವರು. ನಮ್ಮಲ್ಲಿ ದಟ್ಟ ಹಸಿರಿಗೆ ಕಪ್ಪು ಅಂತಲೇ ಅನ್ನುವುದು. ಎಲೆ ತಿಳಿಯಾದರೆ ಸಾಕು, ಒಂದು ಚೀಲ ಯೂರಿಯಾ ತಂದು ಒಗೆಯುತ್ತಾರೆ. ಚೀಲಕ್ಕೆ 266 ರೂಪಾಯಿ ಚಿಲ್ಲರೆ. 50 ಕಿಲೋ ಇದ್ದ ಚೀಲ 45 ಕಿಲೋ ಆಗಿದ್ದೊಂದು ಬಿಟ್ಟರೆ ವರ್ಷಗಳಿಂದ ದರ ಅಷ್ಟೇ ಇದೆ, ಏಕೆಂದರೆ ಉಳಿದ ಖರ್ಚನ್ನು ಸರಕಾರ ಹೊರುತ್ತದೆ. ಅಗ್ಗದ ಸರಕನ್ನು ಯಾರು ಅಳೆದು ಹಾಕುತ್ತಾರೆ? ಆದರೆ ಹಾಕಿದ್ದೆಲ್ಲ ಕಾಳಿಗೆ ಹೋಗುವುದಿಲ್ಲ. ಮಣ್ಣು ತಾನಾಗಿ ಕೊಟ್ಟದ್ದನ್ನು ಕಳೆದು ನೋಡಿದರೆ, ಏಕದಳ ಧಾನ್ಯಗಳಿಗೆ ಹಾಕಿದ ಸಾರಜನಕದಲ್ಲಿ ಕಾಳು ಸೇರುವುದು ಜಗತ್ತಿನ ಸರಾಸರಿಯಲ್ಲಿ ಮೂರನೇ ಒಂದು ಪಾಲು ಎಂದು 1999ರಲ್ಲಿ ರಾನ್ ಮತ್ತು ಜಾನ್ಸನ್ ಎಂಬ ಇಬ್ಬರು ಲೆಕ್ಕ ಹಾಕಿ ತೋರಿಸಿದ್ದರು. ಉಳಿದದ್ದರಲ್ಲಿ ಸ್ವಲ್ಪ ಅಮೋನಿಯಾ ಆಗಿ ಹಾರುತ್ತದೆ. ಸ್ವಲ್ಪ ನೈಟ್ರೇಟ್ ಆಗಿ ನೀರಿನ ಜೊತೆ ಇಳಿದು ಬಾವಿ, ಬೋರು ಸೇರುತ್ತದೆ. ಕುಡಿಯುವ ನೀರಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಇನ್ನು ಸ್ವಲ್ಪ ನೈಟ್ರಸ್ ಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ.

ಗೋಧಿಯದೂ ಇದರಲ್ಲಿ ಪಾಲಿದೆ. 1960ರ ದಶಕದಲ್ಲಿ ಮೆಕ್ಸಿಕೋದಿಂದ ಬಂದ ಗಿಡ್ಡ ಗೋಧಿಗಳು ಯೂರಿಯಾ ಎಷ್ಟು ತಿಂದರೂ ನೆಲಕ್ಕೆ ಬೀಳದೆ ನಿಂತವು. ನಮ್ಮ ಅನ್ನ ಹೆಚ್ಚಾಗಿದ್ದು ಅವುಗಳಿಂದಲೇ, ಅದನ್ನು ಮರೆಯುವ ಹಾಗಿಲ್ಲ. ಆದರೆ ಕಾಂಡ ಗಿಡ್ಡ ಮಾಡುವ ಜೀನೇ ಸಾರಜನಕ ಹೀರುವುದನ್ನೂ ಮಂದ ಮಾಡುತ್ತದೆ ಎಂದು 2018ರಲ್ಲಿ ಚೀನಾದ ವಿಜ್ಞಾನಿಗಳು ಭತ್ತ ಮತ್ತು ಗೋಧಿಯಲ್ಲಿ ತೋರಿಸಿದರು. ಹೊಟ್ಟೆ ತುಂಬ ಬಡಿಸಿದರೆ ಮಾತ್ರ ಉಣ್ಣುವ ಬೆಳೆಯನ್ನು ನಾವು ಸಾಕಿಕೊಂಡಿದ್ದೇವೆ. ನಮ್ಮ ಮಡಿಗಳಲ್ಲಿ ಹುಡುಕುತ್ತಿರುವುದು ಅದಕ್ಕೆ ಬದಲಿ.

ಇನ್ನು ಕಾಟಾದ ಕತೆ. ಹತ್ತು ಕಿಲೋ ತೂಗುವ, ಒಂದು ಗ್ರಾಂ ತೋರಿಸುವ ಇಲೆಕ್ಟ್ರಾನಿಕ್ ಕಾಟಾ. ಹಿಂದಿನ ವರ್ಷ ಭಾರ ಹೆಚ್ಚಿಟ್ಟಾಗ ತೂಕ ಕಡಿಮೆ ತೋರಿಸುತ್ತಿತ್ತು ಎಂದು ಜನವರಿಯಲ್ಲಿ ಒಂದು ಸರ್ವಿಸ್ ಸೆಂಟರಿಗೆ ಕೊಟ್ಟಿದ್ದೆವು. ಯಾವುದೆಂದು ಹೇಳುವುದಿಲ್ಲ. ಅವರು ಹತ್ತು ನಿಮಿಷದಲ್ಲಿ ಐದು ಕಿಲೋ ಬಟ್ಟು (ತೂಕದ ಕಲ್ಲು) ಇಟ್ಟು, ಗುಂಡಿ ಒತ್ತಿ, 5.000 ಬರುವಂತೆ ಮಾಡಿ, ಸರಿಯಾಯಿತೆಂದು ಕಳಿಸಿದರು. ನಮ್ಮ ಬಳಿಯೂ ಇದ್ದದ್ದು ಒಂದೇ ಬಟ್ಟು, ಐದು ಕಿಲೋದ್ದು. ದಿನಾ ಮುಂಜಾನೆ ಇಟ್ಟು ನೋಡಿದರೆ ಕರೆಕ್ಟಾಗಿ ಐದು.

ಮಾರ್ಚ್ ಎರಡನೇ ವಾರ ಕೊಯ್ಲು ಶುರುವಾಯಿತು. ಮೊದಲ ದಿನ 46 ಮಡಿ ತೂಗಿದೆವು. ಸಂಜೆ ಚಹಾಕ್ಕೆಂದು ತರಿಸಿದ ಒಂದು ಕಿಲೋ ಸಕ್ಕರೆ ಪಾಕೀಟನ್ನು ತಮ್ಮ ಕಾಟಾದ ಮೇಲೆ ಇಟ್ಟುಬಿಟ್ಟ. 1.043. ಸಕ್ಕರೆ ಅಂಗಡಿಯವರು ನಲವತ್ತು ಗ್ರಾಂ ಹೆಚ್ಚು ಕೊಡುವವರಲ್ಲ. ಊರಿನ ಕಿರಾಣಿ ಅಂಗಡಿಗೆ ಓಡಿ ಸರಕಾರಿ ಮುದ್ರೆ ಒತ್ತಿದ ಒಂದು ಕಿಲೋ, ಎರಡು ಕಿಲೋ ಬಟ್ಟುಗಳನ್ನು ಇಸಕೊಂಡು ಬಂದೆ. ಒಂದು ಕಿಲೋ ಇಟ್ಟರೆ 1.037. ಎರಡಿಟ್ಟರೆ 2.059. ಐದಿಟ್ಟರೆ ಐದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಮಡಿಗಳ ತೂಕ ಬರುವುದೇ ಒಂದೂವರೆಯಿಂದ ಎರಡೂವರೆ ಕಿಲೋ ನಡುವೆ.

ಮರುದಿನ ಕೊಯ್ಲು ನಿಲ್ಲಿಸಿ, ಕಾಟಾವನ್ನು ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಎಸ್‌ಟಿ ಬಸ್ಸು ಹತ್ತಿದೆ. ಹೆಂಗಸರಿಗೆ ಅರ್ಧ ಟಿಕೆಟ್ ಇರುವುದರಿಂದ ಹೋಗಿ ಬರುವ ಖರ್ಚು ಹೆಚ್ಚೇನಿಲ್ಲ. ಕಾಕಾನ ಅಂಗಡಿ ತೋರಿಸಿದ್ದು ಕಿರಾಣಿ ಅಂಗಡಿಯವರೇ.

ಕಾಕಾ ಕಾಟಾವನ್ನು ತಕ್ಷಣ ಬಿಚ್ಚಲಿಲ್ಲ. ನನಗೆ ಮೊದಲು ಹಿಡಿಸಿದ್ದು ಅದೇ. ಕಲ್ಲಿನ ಕಟ್ಟೆಯ ಮೇಲೆ ಇಟ್ಟು, ನಾಲ್ಕು ಕಾಲಿನ ತಿರುಪು ತಿರುಗಿಸಿ, ನೀರ್ಗುಳ್ಳೆ ನಟ್ಟನಡುವೆ ಬರುವವರೆಗೆ ಕಾದರು. ಚಾಲೂ ಮಾಡಿ ಹದಿನೈದು ನಿಮಿಷ ಹಾಗೇ ಬಿಟ್ಟರು. ಆಮೇಲೆ ಪೆಟ್ಟಿಗೆಯಿಂದ ಬಟ್ಟುಗಳನ್ನು ಬಟ್ಟೆಯಲ್ಲಿ ಹಿಡಿದು ತೆಗೆದು ಒಂದು ಕಿಲೋ, ಎರಡು, ಐದು ಇಟ್ಟರು. ಮತ್ತೆ ಐದು, ಎರಡು, ಒಂದು ಎಂದು ಇಳಿಸುತ್ತ ಬಂದರು. ಆಮೇಲೆ ತಟ್ಟೆಯ ನಾಲ್ಕೂ ಮೂಲೆಯಲ್ಲಿ ಎರಡು ಕಿಲೋ ಇಟ್ಟು ನೋಡಿದರು. ಎಲ್ಲವನ್ನೂ ಉದ್ದನೆಯ ವಹಿಯಲ್ಲಿ ಬರೆದುಕೊಂಡರು. ಬರೆದದ್ದನ್ನು ನೋಡುತ್ತ ಕೂತು, "ಐದಕ್ಕ ಸರಿ, ಒಂದಕ್ಕ ತಪ್ಪು. ಅಂದ್ರ ಒಳಗಿನ ರೋಗ ಹಂಗೇ ಇಟ್ಟು ಮ್ಯಾಲೆ ಅಂಕಿ ತಿದ್ಯಾರ" ಅಂದರು.

ಬಿಚ್ಚಿದಾಗ ರೋಗ ಕಣ್ಣಿಗೇ ಕಂಡಿತು. ತಟ್ಟೆಯ ಕೆಳಗೆ ಒಂದು ಅಲ್ಯೂಮಿನಿಯಂ ಪಟ್ಟಿ ಇರುತ್ತದೆ, ಲೋಡ್‌ಸೆಲ್ ಎನ್ನುತ್ತಾರೆ. ಭಾರ ಬಿದ್ದರೆ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಮೈಗೆ ಅಂಟಿಸಿದ ತೆಳು ಲೋಹದ ಎಳೆ ಹಿಗ್ಗಿದಷ್ಟೂ ಅದರಲ್ಲಿ ವಿದ್ಯುತ್ತಿಗೆ ಆಗುವ ತಡೆ ಬದಲಾಗುತ್ತದೆ, ಆ ಬದಲನ್ನೇ ಯಂತ್ರ ತೂಕವಾಗಿ ಓದುತ್ತದೆ. ಆ ಪಟ್ಟಿಗೂ ಕೆಳಗಿನ ತಗಡಿಗೂ ನಡುವೆ ಇರಬೇಕಾದ ಸಂದಿಯಲ್ಲಿ ಗೋಧಿಯ ಹೊಟ್ಟು, ದೂಳು ಸೇರಿ ಬಿರಟೆಯಂತೆ ಗಟ್ಟಿಯಾಗಿತ್ತು. ಹಗುರ ಭಾರಕ್ಕೆ ಪಟ್ಟಿ ಸರಿಯಾಗಿ ಬಾಗುತ್ತಿತ್ತು. ಭಾರ ಏರಿದಂತೆ ಹೊಟ್ಟು ಅದನ್ನು ಹೊತ್ತು ನಿಲ್ಲುತ್ತಿತ್ತು. ಹೀಗಾಗಿ ಮೂಲದಲ್ಲಿ ಕಾಟಾ ಒಂದಕ್ಕೆ ಸರಿ ಇತ್ತು, ಐದಕ್ಕೆ ಕಡಿಮೆ ತೋರಿಸುತ್ತಿತ್ತು. ಐದನ್ನು ಎಳೆದು ಸರಿ ಮಾಡಿದಾಗ ಒಂದು, ಎರಡು ಕಿಲೋಗಳು ಉಬ್ಬಿದವು. ಕಾಕಾ ಬ್ರಷ್ಷಿನಿಂದ ಕೆರೆದು, ಗಾಳಿ ಊದಿ, ಪಟ್ಟಿಯ ಕೆಳಗೆ ಕಾಗದದ ಹಾಳೆ ತೂರಿಸಿ ಆಚೆ ಎಳೆದು ಸಂದಿ ಬಿಡುವಾಗಿದೆ ಎಂದು ತೋರಿಸಿದರು. ಆಮೇಲೆ ಸೊನ್ನೆಯಿಂದ ಮತ್ತೆ ಕೂಡಿಸಿದರು.

ಅವರು ಕೆಲಸ ಮಾಡುತ್ತಿರುವಾಗಲೇ ಮಾತು ಬಂತು. "ಕಿರಾಣಿ ಅಂಗಡ್ಯಾಗ ಐದು ಗ್ರಾಂ ಹೆಚ್ಚುಕಮ್ಮಿ ನಡೀತದ. ನಿನಗ ಯಾಕವ್ವಾ ಒಂದು ಗ್ರಾಮಿನ ಗುಂಗು?" ನಾನು ಹೇಗೆ ಹೇಳಲಿ ಎಂದು ಯೋಚಿಸಿ, ಹೋರಿಯಿಂದ ಶುರು ಮಾಡಿದೆ. ಹೋರಿ ಹಾಲು ಕೊಡುವುದಿಲ್ಲ. ಆದರೂ ಯಾವ ಹೋರಿಯ ಮಗಳು ಹೆಚ್ಚು ಹಾಲು ಕೊಡುತ್ತಾಳೆಂದು ತಿಳಿಯಬೇಕು. ಮುಂಚೆ ಹೋರಿ ದೊಡ್ಡದಾಗಿ, ಅದರ ಮಗಳು ಹುಟ್ಟಿ, ಬೆಳೆದು, ಈದು, ಕರೆದು ನೋಡುವವರೆಗೆ ಕಾಯಬೇಕಿತ್ತು. ಈಗ ಕರು ಇದ್ದಾಗಲೇ ಅದರ ಡಿಎನ್‌ಎ ಓದಿ ಅಂದಾಜು ಹೇಳುತ್ತಾರೆ. ಮ್ಯುವಿಸೆನ್, ಹೇಯ್ಸ್, ಗಾಡರ್ಡ್ ಎಂಬ ಮೂವರು 2001ರಲ್ಲಿ ಇದರ ಲೆಕ್ಕದ ದಾರಿ ಬರೆದರು. 2009ರಲ್ಲಿ ಅಮೆರಿಕ ಹಾಲಿನ ದನಗಳಿಗೆ ಅಧಿಕೃತವಾಗಿ ಬಳಸಲು ಶುರು ಮಾಡಿತು. ಈಗ ಅದೇ ದಾರಿ ಗೋಧಿಗೂ ಬಂದಿದೆ.

ಕಾಕಾನ ಮನೆಯಲ್ಲಿ ಒಂದು ಕಾಲಕ್ಕೆ ಖಿಲಾರಿ ಎತ್ತಿನ ಜೋಡಿ ಇದ್ದವಂತೆ. ಹೋರಿಯ ಮಾತು ಬಂದದ್ದೇ ಸ್ಕ್ರೂಡ್ರೈವರ್ ಕೆಳಗಿಟ್ಟು ಕೇಳತೊಡಗಿದರು.

ಒಂದು ಗೋಧಿ ತಳಿ, ಕ್ರಾಸ್ ಮಾಡಿದಲ್ಲಿಂದ ರೈತನ ಕೈಗೆ ಬರಲು ಹತ್ತು ವರ್ಷದ ಆಸುಪಾಸು ಬೇಕು. ಸಾರಜನಕವನ್ನು ಚೆನ್ನಾಗಿ ಬಳಸುವ ಗುಣ ಒಂದು ಜೀನಿನದಲ್ಲ. ಬೇರು ಎಷ್ಟು ಆಳ, ನೈಟ್ರೇಟ್ ಎಷ್ಟು ಬೇಗ ಒಳಗೆ ಎಳೆಯುತ್ತದೆ, ಎಲೆಯಲ್ಲಿ ಕೂಡಿಟ್ಟದ್ದನ್ನು ಮಾಗುವ ಹೊತ್ತಿಗೆ ಕಾಳಿಗೆ ಎಷ್ಟು ಇಳಿಸುತ್ತದೆ, ಹೀಗೆ ಹತ್ತಾರು ಕಡೆ ಚೂರು ಚೂರು ಹಂಚಿಹೋಗಿದೆ. ಗೋಧಿಯ ಜೀನೋಮ್ ಮನುಷ್ಯನದಕ್ಕಿಂತ ಐದು ಪಟ್ಟು ದೊಡ್ಡದು, 42 ಕ್ರೋಮೋಸೋಮು. ಅದರ ಪೂರ್ತಿ ನಕ್ಷೆ ಪ್ರಕಟವಾಗಿದ್ದೇ 2018ರಲ್ಲಿ. ಅದರ ಉದ್ದಕ್ಕೂ ಸಾವಿರಗಟ್ಟಲೆ ಗುರುತುಗಳನ್ನು ಓದುತ್ತಾರೆ. ನಮ್ಮಂಥವರು ಮಡಿಯಲ್ಲಿ ತೂಗಿದ ತೂಕವನ್ನು ಆ ಗುರುತುಗಳ ಜೊತೆ ಇಟ್ಟರೆ, ಯಾವ ಗುರುತಿಗೆ ಎಷ್ಟು ಕೂಡಿಸಬೇಕು, ಎಷ್ಟು ಕಳೆಯಬೇಕು ಎಂದು ಕಂಪ್ಯೂಟರ್ ಕಲಿಯುತ್ತದೆ. ಆಮೇಲೆ ಹೊಸ ಸಸಿಯ ಒಂದು ಎಲೆ ಚೂರು ಸಾಕು. ಹೊಲದಲ್ಲಿ ಬೆಳೆಸಿ ತೂಗುವ ಮೊದಲೇ, ಇದು ಕಡಿಮೆ ಯೂರಿಯಾಕ್ಕೆ ತಾಳುತ್ತದೆಯೋ ಇಲ್ಲವೋ ಎಂದು ಅಂದಾಜಿಸಿ, ಆಗದ್ದನ್ನು ಅಲ್ಲೇ ಬಿಡಬಹುದು. ಅಂದಾಜು ಹೊಂದುವುದು ತೂಗಿದ ತಳಿಗಳಿಗೆ ನೆಂಟಸ್ತನ ಇರುವ ತಳಿಗೆ, ತೂಗಿದಂಥ ನೆಲಹವೆಗೆ. ಪಂಜಾಬಿನ ಚಳಿಯಲ್ಲಿ ತೂಗಿದ್ದು ನಮ್ಮ ಎರೆಮಣ್ಣಿಗೆ, ಫೆಬ್ರವರಿಗೇ ಏರುವ ಬಿಸಿಲಿಗೆ ಹಾಗೆ ಹಾಗೇ ಒಪ್ಪುವುದಿಲ್ಲ. ನಮ್ಮೂರ ಮಡಿಗಳ ತೂಕ ಬೇಕಾಗಿರುವುದು ಅದಕ್ಕೇ.

"ತೂಕ ತಪ್ಪಾದ್ರ?" ಅಂದರು ಕಾಕಾ.

ಅಡ್ಡಾದಿಡ್ಡಿ ತಪ್ಪಾದರೆ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ, ಅಂದಾಜು ಮಸುಕಾಗುತ್ತದೆ. ಅದು ನಷ್ಟವೇ, ಆದರೆ ಮಡಿಗಳು ಹೆಚ್ಚಿದ್ದರೆ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ನಮ್ಮ ಕಾಟಾದ ತಪ್ಪು ಅಂಥದ್ದಲ್ಲ. ಶೇಕಡಾ ಲೆಕ್ಕದಲ್ಲಿ ಹಗುರ ತೂಕವೇ ಹೆಚ್ಚು ಉಬ್ಬುತ್ತಿತ್ತು. ಕಡಿಮೆ ಯೂರಿಯಾದ ಮಡಿಗಳೇ ಹಗುರ. ಎಂದರೆ ಗೊಬ್ಬರ ಕಡಿಮೆ ಮಾಡಿದರೂ ಇಳುವರಿ ಅಷ್ಟೇನೂ ಇಳಿಯಲಿಲ್ಲ ಎಂದು ಕಾಟಾ ಸುಳ್ಳು ಹೇಳುತ್ತಿತ್ತು. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಮೊದಲ ದಿನ ಕೊಯ್ದ 46 ಮಡಿ ಬೇಗ ಮಾಗಿದ ತಳಿಗಳವು. ಬೇಗ ಮಾಗುವುದು ಅದರದೇ ಜೀನುಗಳಿಂದ. ಹಗಲಿನ ಉದ್ದಕ್ಕೆ ಕಾಯದೆ ತೆನೆ ಹಾಯುವಂತೆ ಮಾಡುವ ಜೀನಿನ ಒಂದು ರೂಪ ಅವುಗಳಲ್ಲಿ ಮುಖ್ಯ. ಆ ಮಡಿಗಳನ್ನು ಕೆಟ್ಟ ಕಾಟಾದಲ್ಲಿ, ತಡವಾಗಿ ಮಾಗಿದವನ್ನು ರಿಪೇರಿ ಮಾಡಿಸಿದ ಕಾಟಾದಲ್ಲಿ ತೂಗಿ ಎಲ್ಲ ಒಟ್ಟಿಗೆ ಸೇರಿಸಿದ್ದರೆ? ಬೇಗ ಮಾಗುವ ಜೀನಿಗೆ ಸಾರಜನಕ ಉಳಿಸುವ ಪುಣ್ಯ ಬರೆದು ಕಂಪ್ಯೂಟರ್ ಕೂತಿರುತ್ತಿತ್ತು. ಅದಕ್ಕೆ ಹೊಟ್ಟು ಗೊತ್ತಿಲ್ಲ, ಕಾಟಾ ಗೊತ್ತಿಲ್ಲ. ಮುಂದಿನ ವರ್ಷ ಸಾವಿರ ಸಸಿಗಳಲ್ಲಿ ಅದು ಆರಿಸುವುದೂ ಈ ತಪ್ಪಿನ ಮೇಲೆಯೇ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಷ್ಟೊತ್ತಿಗೆ ಕಾಟಾದ ಮುಚ್ಚಳ ಹಾಕಿ ಆಗಿತ್ತು. "ನಿನ್ನ ಮಡಿ ಎಷ್ಟು ತೂಗತಾವ?" ಎಂದು ಕೇಳಿದರು. ಒಂದೂವರೆಯಿಂದ ಎರಡೂವರೆ ಎಂದೆ. ಅವರು ಬಟ್ಟುಗಳ ಪೆಟ್ಟಿಗೆ ಮತ್ತೆ ತೆರೆದು, ಒಂದು ಕಿಲೋದಿಂದ ಮೂರು ಕಿಲೋವರೆಗೆ ನೂರು ನೂರು ಗ್ರಾಂ ಏರಿಸುತ್ತ ಇಪ್ಪತ್ತೊಂದು ಸಲ ಇಟ್ಟು ನೋಡಿದರು. ಎಲ್ಲೂ ಒಂದು ಗ್ರಾಮಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ಆಮೇಲೆ ಕಿಟಕಿಯ ಬಿಸಿಲಿಗೆ ಅರ್ಧ ತಾಸು ಇಟ್ಟು, ಬಿಸಿಯಾದ ಮೇಲೆ ಮತ್ತೊಮ್ಮೆ. "ಹೊಲದಾಗ ತೂಗಾಕಿ ಅಲ್ಲೇನು, ಬಿಸಲಾಗೂ ನೋಡಬೇಕು." ಆ ಹಾಳೆಯನ್ನು ವಹಿಯಿಂದ ಹರಿದು ನನ್ನ ಕೈಗೆ ಕೊಟ್ಟರು. ಪ್ರಯೋಗದ ಕಡತದಲ್ಲಿ ಈಗ ಅದು ಮೊದಲನೇ ಹಾಳೆ.

ತೆಗೆದುಕೊಂಡಿದ್ದು 300 ರೂಪಾಯಿ. ಮುದ್ರೆಯ ಮಾತು ಕೇಳಿದ್ದಕ್ಕೆ, ಅದು ತನ್ನ ಕೆಲಸವಲ್ಲ, ವಜನ ಮಾಪದ ಸರಕಾರಿ ಆಫೀಸಿನಲ್ಲೇ ಆಗಬೇಕು ಎಂದು ವಿಳಾಸ ಬರೆದುಕೊಟ್ಟರು. ತಾನೇ ಮಾಡಿಸಿಕೊಡುತ್ತೇನೆ, ಇಷ್ಟು ಕೊಡು ಎನ್ನಲಿಲ್ಲ.

ಮರುದಿನ 46 ಚೀಲಗಳನ್ನೂ ಮತ್ತೆ ತೂಗಿದೆವು. ಬಟ್ಟೆ ಚೀಲಗಳಿಗೆ ಚೀಟಿ ಕಟ್ಟಿ ಹಾಗೇ ಇಟ್ಟಿದ್ದರಿಂದ ಬಚಾವಾದೆವು. ಒಟ್ಟಿಗೆ ಸುರಿದಿದ್ದರೆ ಮುಗಿದೇ ಹೋಗುತ್ತಿತ್ತು. ಎರಡು ದಿನದಲ್ಲಿ ಕಾಳು ಇನ್ನಷ್ಟು ಒಣಗಿರುತ್ತದಾದ್ದರಿಂದ ತೇವವನ್ನೂ ಮತ್ತೊಮ್ಮೆ ಅಳೆದು, ಎಲ್ಲವನ್ನೂ ಶೇಕಡಾ 12ರ ತೇವಕ್ಕೆ ತಂದು ಬರೆದೆ. ಸಕ್ಕರೆ ಪಾಕೀಟನ್ನೂ ಇಟ್ಟು ನೋಡಿದೆವು. ಪ್ಲಾಸ್ಟಿಕ್ ಸೇರಿ 1.006.

ಕೊರತೆಗಳನ್ನೂ ಹೇಳಬೇಕು. ಮೆಟ್ಟಿಲು ಬಹಳ ಕಡಿದು, ಗೋಡೆ ಹಿಡಿದೇ ಹತ್ತಬೇಕು. ನೂರು ಕಿಲೋ ತೂಗುವ ಪ್ಲಾಟ್‌ಫಾರ್ಮ್ ಕಾಟಾ ತರುವವರು ಇಬ್ಬರು ಆಳು ಕರೆದುಕೊಂಡು ಬನ್ನಿ. ಮಧ್ಯಾಹ್ನ ಎರಡರಿಂದ ನಾಲ್ಕು ಬಾಗಿಲು ಹಾಕಿರುತ್ತದೆ. ನಾನು ಹೋದಾಗ ಮುಂದೆ ಮೂವರಿದ್ದರು, ಸರತಿ ಬಿಟ್ಟು ಯಾರದನ್ನೂ ಮುಟ್ಟುವುದಿಲ್ಲ, ಹಾಗಾಗಿ ಒಂದು ದಿನ ಪೂರ್ತಿ ಹೋಗುತ್ತದೆ ಎಂದೇ ಲೆಕ್ಕ ಇಟ್ಟುಕೊಳ್ಳಿ. ನಗದು ಮಾತ್ರ. ಬ್ಯಾಟರಿ ಇಡುವುದಿಲ್ಲ, ಅದನ್ನು ಬೇರೆ ಕಡೆ ಕೊಳ್ಳಬೇಕು. ಫೋನ್ ಎತ್ತುವುದು ಅಪರೂಪ. ಕೆಲಸ ಕಲಿಯಲು ಒಬ್ಬ ಹುಡುಗನೂ ಅಲ್ಲಿ ಕಾಣಲಿಲ್ಲ, ನನಗೆ ಅದೊಂದು ಚಿಂತೆ ಉಳಿದಿದೆ.

ಹೋಗುವವರು ಕಾಟಾದ ಅಡಾಪ್ಟರನ್ನೂ ಒಯ್ಯಿರಿ. ತಟ್ಟೆ ಬಿಚ್ಚಿ ಬೇರೆ ಸುತ್ತಿರಿ, ಬಸ್ಸಿನ ಕುಲುಕಾಟಕ್ಕೆ ಲೋಡ್‌ಸೆಲ್ ಮೇಲೆ ಭಾರ ಬೀಳಬಾರದು ಎಂದು ಕಾಕಾ ನನಗೆ ಹೇಳಿದ ಮಾತು. ನೀವು ದಿನಾ ಏನು ತೂಗುತ್ತೀರಿ, ಎಷ್ಟರಿಂದ ಎಷ್ಟರವರೆಗೆ ಎಂದು ಮೊದಲೇ ಹೇಳಿ. ಅಲ್ಲೇ ಹೆಚ್ಚು ನೋಡಿ ಕೊಡುತ್ತಾರೆ. ನಾನಂತೂ ಒಂದು, ಎರಡು ಕಿಲೋದ ಬಟ್ಟುಗಳನ್ನು ಕೊಂಡುಬಿಟ್ಟೆ. ಕಾಟಾಕ್ಕೆ ಒತ್ತಿಸಿದ ಮುದ್ರೆ ಹನ್ನೆರಡು ತಿಂಗಳಿಗೆ ತೀರುತ್ತದೆ. ಮುಂದಿನ ಸಲ ಕೊಯ್ಲು ಬರುವವರೆಗೆ ಕಾಯುವುದಿಲ್ಲ, ಗೋಧಿ ಹಾಲುಗಾಳು ಕಟ್ಟುವ ಹೊತ್ತಿಗೇ, ಜನವರಿಯಲ್ಲಿ ಸೊಲ್ಲಾಪುರದ ಸಿದ್ಧೇಶ್ವರನ ಗಡ್ಡಾ ಜಾತ್ರೆ ಮುಗಿಯುತ್ತಲೇ, ಕಾಕಾನ ಮೆಟ್ಟಿಲು ಹತ್ತುತ್ತೇನೆ.